ಕಾಡಿನಲ್ಲಿ ರಾತ್ರಿ ಕುದುರೆ ಕಟ್ಟುವ ಬಗೆ
ಅಮೆರಿಕದ ಮೊಂಟಾನಾ ರಾಜ್ಯದ ಬಾಬ್ ಮಾರ್ಷಲ್ ಕಾಡಿಗೆ ಸವಾರಿ ಹೊರಟವರಿಗೆ ನಾನು ಮೊದಲು ಹೇಳಿಕೊಡುವುದು ಕುದುರೆ ಕಟ್ಟುವುದನ್ನು. ರಾತ್ರಿಯಿಡೀ ಮರದ ಬುಡಕ್ಕೇ ಕಟ್ಟಬೇಡಿ. ಗೊರಸಿನಿಂದ ಕೆರೆದು ಕೆರೆದು ಬೇರುಗಳೆಲ್ಲ ಮೇಲೆ ಬರುತ್ತವೆ, ಪಾಪ, ಮರ ಒಣಗುತ್ತದೆ. ಎರಡು ಗಟ್ಟಿ ಮರಗಳಿಗೆ ಅಗಲವಾದ ಪಟ್ಟಿ ಸುತ್ತಿ, ನಡುವೆ ನಿಮ್ಮ ತಲೆಗಿಂತ ಎತ್ತರದಲ್ಲಿ ಹಗ್ಗ ಬಿಗಿಯಿರಿ. ಕುದುರೆಯನ್ನು ಅದಕ್ಕೆ ಕಟ್ಟಿ. ಕಾಲು ಸಿಕ್ಕಿಕೊಳ್ಳುವಷ್ಟು ಸಡಿಲ ಬೇಡವೇ ಬೇಡ. ಎಳೆದರೆ ಬಿಚ್ಚುವ ಗಂಟೇ ಹಾಕಿ. ಹೊಳೆಯಿಂದ 200 ಅಡಿ ದೂರವಿರಲಿ. ಬೆಳಿಗ್ಗೆ ಲದ್ದಿ ಚದುರಿಸಿ.

ಇದನ್ನೆಲ್ಲ ಕೈಹಿಡಿದು ಕಲಿಸುವವರು ಬೇಕೆಂದರೆ, 1973ರಲ್ಲಿ ಇಲ್ಲಿನ ಫ್ಲಾಟ್‌ಹೆಡ್ ಕಣಿವೆಯಲ್ಲಿ ಹುಟ್ಟಿದ ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಎಂಬ ಕುದುರೆ ಸವಾರರ ಸಂಘ ಸೇರಿ. ಈ ಕಾಡಿನಲ್ಲಿ ಯಂತ್ರದ ಗರಗಸಕ್ಕೆ ನಿಷೇಧವಿದೆ. ದಾರಿಗೆ ಬಿದ್ದ ಮರಗಳನ್ನು ಸದಸ್ಯರು ಇಬ್ಬರು ಹಿಡಿದು ಎಳೆಯುವ ಕೈಗರಗಸದಿಂದಲೇ ಕೊಯ್ಯುತ್ತಾರೆ. ಅದರ ಇನ್ನೊಂದು ತುದಿ ಹಿಡಿಯಲು ಜನ ಬೇಕು.