ಯುದ್ಧ ನಿಂತ ಮೇಲೆ ಹೊಲ, ಬಾವಿಗಳನ್ನು ಮತ್ತೆ ಬಳಕೆಗೆ ತರುವುದು ಹೇಗೆ

ಮೊದಲು ನೇಗಿಲು ಹೂಡಬೇಡಿ. ಬಿತ್ತನೆಯ ಹದ ತಪ್ಪೀತೆಂಬ ಆತಂಕದಲ್ಲಿ ಊರಿಗೆ ಮರಳಿದವರು ಮಾಡುವ ಮೊದಲ ತಪ್ಪೇ ಅದು. ಹೂತಿರುವ ಮದ್ದುಗುಂಡು ಸಿಡಿಯುವ ಭಯ ಎಲ್ಲರಿಗೂ ಗೊತ್ತು. ಇನ್ನೊಂದು ಹಾನಿ ಕಣ್ಣಿಗೆ ಕಾಣದು: ಮದ್ದುಗುಂಡಿನಿಂದ ಬಂದು ಮೇಲಿನ ಕೆಲವೇ ಇಂಚುಗಳಲ್ಲಿ ನಿಂತಿದ್ದ ಸೀಸ, ತಾಮ್ರಗಳು ಉಳುಮೆಯಿಂದ ಇಡೀ ಪದರಕ್ಕೆ ಬೆರೆತುಹೋಗುತ್ತವೆ. ಆಮೇಲೆ ಕೆರೆದು ತೆಗೆಯಲು ಆಗುವುದಿಲ್ಲ.

ನೆಲಬಾಂಬ್ ತೆಗೆಯುವ ತಂಡ ಜಮೀನನ್ನು ಒಪ್ಪಿಸುವಾಗ ಎರಡು ವಿಷಯ ಬರಹದಲ್ಲಿ ಪಡೆಯಿರಿ: ಶೋಧಿಸಿದ ಗಡಿ ಎಲ್ಲಿಯವರೆಗೆ, ಆಳ ಎಷ್ಟು. 15 ಸೆಂ.ಮೀ.ವರೆಗೆ ಮಾತ್ರ ಶೋಧಿಸಿದ ನೆಲದಲ್ಲಿ 25 ಸೆಂ.ಮೀ. ಉತ್ತರೆ ಅಪಾಯ ಹಾಗೇ ಉಳಿದಿರುತ್ತದೆ. ಗಡಿಯ ಕಲ್ಲುಗಳಲ್ಲಿ ಕೆಂಪು ಬಳಿದ ಮಗ್ಗುಲು ಅಪಾಯದ ಕಡೆ, ಬಿಳಿಯದು ಶುದ್ಧವಾದ ಕಡೆ. ಪ್ರವಾಹ ಬಂದುಹೋದರೆ ಮತ್ತೆ ಶೋಧಿಸಲು ಕೇಳಿ. 2014ರಲ್ಲಿ ಬೋಸ್ನಿಯಾದ ನೆರೆ, ಭೂಕುಸಿತಗಳು ನೆಲಬಾಂಬ್‌ಗಳನ್ನು ಗುರುತು ಹಾಕಿದ ಜಾಗದಿಂದ ಬೇರೆಡೆಗೆ ಸಾಗಿಸಿದ್ದವು.

ಹೊಲಕ್ಕಿಂತ ಮುಂಚೆ ಬೇಕಾದದ್ದು ನೀರು. ಬಾವಿಗೆ ಯಾರನ್ನೂ ಇಳಿಸುವ ಮೊದಲು ಒಳಗೆ ಮದ್ದುಗುಂಡು ಇಲ್ಲವೆಂದು ತಂಡದಿಂದ ಖಚಿತಪಡಿಸಿಕೊಳ್ಳಿ. ಎಂಜಿನ್ ಪಂಪನ್ನು ಬಾವಿಯೊಳಗೆ ಇಳಿಸಿ ಚಾಲೂ ಮಾಡಲೇಬಾರದು. ಹೊಗೆಯ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಬಾವಿಯೊಳಗೇ ತುಂಬಿಕೊಂಡು ಇಳಿದವರ ಜೀವ ತೆಗೆಯುತ್ತದೆ. ನೀರನ್ನೆಲ್ಲ ಹೊರಹಾಕಿ, ಹೂಳು ಎತ್ತಿ, ಗೋಡೆಯನ್ನು ಕ್ಲೋರಿನ್ ದ್ರಾವಣದಲ್ಲಿ ಅದ್ದಿದ ಬ್ರಷ್‌ನಿಂದ ತಿಕ್ಕಿ. ಹೊಸ ನೀರು ತುಂಬಿ ತಿಳಿಯಾಗಲು ಬಿಡಿ. ಕದಡಿದ ನೀರಿಗೆ ಹಾಕಿದ ಕ್ಲೋರಿನ್ ಕೆಸರಿಗೇ ಖರ್ಚಾಗುತ್ತದೆ.

ಅಳತೆ ಹೀಗೆ: ಸುಮಾರು 70% ಕ್ಲೋರಿನ್ ಇರುವ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ 50 ಗ್ರಾಂ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರ್ ನೀರು. ಬಾವಿಯ ಪ್ರತಿ ಘನ ಮೀಟರ್ ನೀರಿಗೆ ಈ ದ್ರಾವಣ 10 ಲೀಟರ್. 2 ಮೀಟರ್ ಅಗಲದ ದುಂಡು ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 9.4 ಘನ ಮೀಟರ್. ಪುಡಿ 470 ಗ್ರಾಂ ಬೇಕು. ರಾತ್ರಿಯಿಡೀ ಬಿಟ್ಟು, ಉಳಿಕೆ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂಗೆ ಇಳಿಯುವವರೆಗೆ ನೀರು ಹೊರಹಾಕಿ. ಕ್ಲೋರಿನ್ ರೋಗಾಣುಗಳನ್ನಷ್ಟೇ ಕೊಲ್ಲುತ್ತದೆ. ಡೀಸೆಲ್ ವಾಸನೆ ಇದ್ದರೆ ಅಥವಾ ಹತ್ತಿರ ಶೆಲ್‌ಗಳು ಬಿದ್ದಿದ್ದರೆ ಪ್ರಯೋಗಾಲಯದ ವರದಿ ಬರುವವರೆಗೆ ಕುಡಿಯಬೇಡಿ. ಸ್ಫೋಟಕಗಳಲ್ಲಿ ಟಿಎನ್‌ಟಿ ಬಹುಮಟ್ಟಿಗೆ ಮಣ್ಣಿಗೆ ಅಂಟಿಕೊಳ್ಳುತ್ತದೆ, ಆರ್‌ಡಿಎಕ್ಸ್ ಮಾತ್ರ ಸಲೀಸಾಗಿ ಅಂತರ್ಜಲಕ್ಕೆ ಇಳಿಯುತ್ತದೆ.

ಮಣ್ಣಿನ ಮಾದರಿಗೆ ಹೊಲದ 15ರಿಂದ 20 ಕಡೆ ಮೇಲಿನ 15 ಸೆಂ.ಮೀ. ಮಣ್ಣು ತೆಗೆದು ಬೆರೆಸಿ, ಅದರಲ್ಲಿ ಅರ್ಧ ಕಿಲೋ ಪ್ರಯೋಗಾಲಯಕ್ಕೆ ಕಳಿಸಿ. ಶೆಲ್ ಗುಂಡಿ, ವಾಹನ ಸುಟ್ಟ ಜಾಗ, ಎಣ್ಣೆ ಚೆಲ್ಲಿದ ಜಾಗಗಳ ಮಣ್ಣನ್ನು ಇದಕ್ಕೆ ಸೇರಿಸದೆ ಬೇರೆ ಬೇರೆಯಾಗಿ ಇಡಿ. ಬೆರೆಸಿದರೆ ಕೆಟ್ಟ ಜಾಗ ಸರಾಸರಿಯಲ್ಲಿ ಮರೆಯಾಗುತ್ತದೆ. ಸತು ಲೇಪಿಸಿದ ಸಲಿಕೆ ಬೇಡ, ಸ್ಟೇನ್‌ಲೆಸ್ ಸ್ಟೀಲ್ ಬಳಸಿ. ಬೆಳಕಿಗೆ ಟಿಎನ್‌ಟಿ ಒಡೆಯುವುದರಿಂದ ಸ್ಫೋಟಕದ ಪರೀಕ್ಷೆಗೆ ಕಂದು ಗಾಜಿನ ಜಾಡಿ, ಜೊತೆಗೆ ಮಂಜುಗಡ್ಡೆ ಬೇಕು.

ಸೀಸ ಹೆಚ್ಚಿದ್ದರೆ ಸುಣ್ಣ ಹಾಕಿ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6.5ರ ಮೇಲಕ್ಕೆ ತನ್ನಿ; ಬೇರು ಅದನ್ನು ಹೀರುವುದು ಕಡಿಮೆಯಾಗುತ್ತದೆ. ಆದರೆ ವರದಿಯಲ್ಲಿ ಆರ್ಸೆನಿಕ್ ಇದೆಯೇ ಎಂದು ನೋಡದೆ ಸುಣ್ಣವನ್ನಾಗಲಿ ರಂಜಕದ ಗೊಬ್ಬರವನ್ನಾಗಲಿ ಹಾಕಬೇಡಿ; ಎರಡೂ ಆರ್ಸೆನಿಕ್ಕನ್ನು ಮಣ್ಣಿನಿಂದ ಬಿಡಿಸಿ ನೀರಿಗೆ ಸೇರಿಸಬಲ್ಲವು. ಸೊಪ್ಪು, ಗೆಡ್ಡೆಗಳನ್ನು ಬಿಟ್ಟು ಕಾಯಿ, ಹಣ್ಣು ಕೊಡುವ ಬೆಳೆ ಆರಿಸಿ. ಸೂರ್ಯಕಾಂತಿ ಬೆಳೆದರೆ ಒಂದೆರಡು ಹಂಗಾಮಿನಲ್ಲಿ ಸೀಸ ಹೋಗುತ್ತದೆ ಎಂಬುದನ್ನು ನಂಬಬೇಡಿ. ಫ್ರಾನ್ಸಿನ ವೆರ್ಡನ್ ಸುತ್ತ ಮೊದಲ ಮಹಾಯುದ್ಧದ ಕೆಲವು ಜಾಗಗಳು ನೂರು ವರ್ಷ ಕಳೆದರೂ ಜನಬಳಕೆಗೆ ಮುಚ್ಚಿಯೇ ಇವೆ.

ಶೆಲ್ ಗುಂಡಿಯನ್ನು ವರದಿ ಬಂದ ಮೇಲೆಯೇ ಮುಚ್ಚಿ. ಅಡಿಮಣ್ಣನ್ನು 20–30 ಸೆಂ.ಮೀ. ಪದರಗಳಾಗಿ ತುಂಬುತ್ತಾ ಅದುಮಿ, ಕೊನೆಗೆ ಮೇಲ್ಮಣ್ಣು ಹರಡಿ, ಅದನ್ನು ಅದುಮಬೇಡಿ. ಟ್ಯಾಂಕ್ ಓಡಾಡಿ ಗಟ್ಟಿಯಾದ ನೆಲವನ್ನು ಒಣಗಿದ್ದಾಗಲೇ ಸೀಳಬೇಕು. ಹಸಿ ಇದ್ದಾಗ ಸೀಳಿದರೆ ಜೇಡಿ ಮೆತ್ತಿಕೊಂಡು ಇನ್ನಷ್ಟು ಬಿಗಿಯಾಗುತ್ತದೆ. ಆ ಸೀಳು 40–50 ಸೆಂ.ಮೀ. ಇಳಿಯುವುದರಿಂದ, ಅಷ್ಟು ಆಳಕ್ಕೂ ಶೋಧನೆ ನಡೆದಿದೆಯೇ ಎಂದು, ತಂಡ ಜಮೀನು ಒಪ್ಪಿಸುವಾಗ ಕೊಟ್ಟ ಪತ್ರವನ್ನು ಇನ್ನೊಮ್ಮೆ ತೆಗೆದು ನೋಡಿ.