ಒಂದು ಮಗ್ ನೀರಿಗೆ ಹೂ ಬರಲ್ಲ: ಮಕ್ಕಳ ಪುಸ್ತಕ ಬರೆಯಬೇಕು ಅನ್ನುವವರಿಗೆ

ಕೊಡಗಿನ ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವವನು. ಬೆಳಿಗ್ಗೆ ಹಾಜರಿ, ಸಂಜೆ ಹಣ್ಣಿನ ತೂಕ, ರಾತ್ರಿ ಚೆಕ್‌ರೋಲ್ ಎಂಬ ಹಾಜರಿ-ಕೂಲಿಯ ಲೆಕ್ಕದ ಪುಸ್ತಕ. ನನ್ನ ಕಥೆಗಳೆಲ್ಲ ಹುಟ್ಟಿದ್ದು ಆ ತೂಕದ ಹೊತ್ತಿನಲ್ಲಿ. ಅಪ್ಪ ಅಮ್ಮ ಚೀಲ ಇಳಿಸಿ ಸಾಲಲ್ಲಿ ನಿಂತಿರುತ್ತಾರೆ, ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆಯ) ಮಕ್ಕಳು ತಕ್ಕಡಿಯ ಸುತ್ತ ಸೇರಿರುತ್ತಾರೆ. ಅವರಿಗೆ ಹೇಳಿ ಹೇಳಿ ತಿದ್ದಿದ ಒಂದು ಕಥೆ ಪುಸ್ತಕವಾದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಟೀಚರುಗಳು, ಅಂಗನವಾಡಿಯವರು ಎಷ್ಟೋ ಸಲ ಕೇಳಿದ್ದಾರೆ.

ಮೊದಲು ಅಂಗಿ ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಮಗು ಕೇಳಿದ ಪ್ರಶ್ನೆಯನ್ನು ಅದರ ಮಾತಿನಲ್ಲೇ, ತಿದ್ದದೆ, ತಾರೀಕು ಹಾಕಿ ಬರೆಯಿರಿ. ಒಂದು ಫೆಬ್ರವರಿಯಲ್ಲಿ ಆರು ವರ್ಷದ ಹುಡುಗಿ ಕೇಳಿದಳು: “ಆಚೆ ತೋಟ ಬೆಳ್ಳಗಾಗಿದೆ. ನಮ್ದು ಯಾಕೆ ಇನ್ನೂ ಹಸಿರು?” ಆಚೆ ತೋಟದಲ್ಲಿ ಸ್ಪ್ರಿಂಕ್ಲರ್ ಇದೆ, ನಮ್ಮ ಆ ಭಾಗಕ್ಕೆ ಇಲ್ಲ. ರೋಬಸ್ಟಾ ಜಾತಿಯ ಕಾಫಿಯ ಮೊಗ್ಗು ಬೇಸಿಗೆಯ ಒಣಹವೆಯಲ್ಲಿ ಸುಮ್ಮನೆ ಮಲಗಿರುತ್ತದೆ. ಒಂದಿಂಚಿಗೆ ಕಡಿಮೆಯಿಲ್ಲದ ಹೂಮಳೆ, ಅಂದರೆ ಹೂ ಅರಳಿಸುವ ಮಳೆ, ಬಿದ್ದರೆ ಅಥವಾ ಸ್ಪ್ರಿಂಕ್ಲರ್ ಅಷ್ಟು ನೀರು ಕೊಟ್ಟರೆ ಎಂಟೊಂಬತ್ತು ದಿನಕ್ಕೆ ತೋಟಕ್ಕೆ ತೋಟವೇ ಒಟ್ಟಿಗೆ ಅರಳುತ್ತದೆ. ಎರಡು ಮೂರು ದಿನ ಬಿಳಿ, ಆಮೇಲೆ ಕಂದು. ದೊಡ್ಡವರಿಗೆ ಇದು ಫಸಲಿನ ಲೆಕ್ಕ. ಆ ಹುಡುಗಿಗೆ ಅದು ಅನ್ಯಾಯ. ನನಗೆ ಕಥೆ ಸಿಕ್ಕಿದ್ದು ಆ ಅನ್ಯಾಯದಲ್ಲಿ.

ಮೊದಲ ಸಲ ಬರೆದಾಗ ಹುಡುಗಿ ದಿನಾ ಒಂದು ಮಗ್ ನೀರು ತಂದು ಒಂದು ಗಿಡದ ಬುಡಕ್ಕೆ ಹಾಕುತ್ತಾಳೆ, ಗಿಡ ಹೂ ಬಿಡುತ್ತದೆ, ಅಜ್ಜಿ ಬಂದು ನೀರಿನ ಮಹತ್ವ ಹೇಳುತ್ತಾರೆ. ತೂಕದ ಹೊತ್ತಿಗೆ ಓದಿದೆ. ಒಂಬತ್ತು ವರ್ಷದ ಒಬ್ಬ ಹುಡುಗ ನಡುವೆಯೇ ತಡೆದ: “ಒಂದು ಮಗ್ ನೀರಿಗೆ ಹೂ ಬರಲ್ಲ ಸಾರ್. ಸ್ಪ್ರಿಂಕ್ಲರ್ ಗಂಟೆಗಟ್ಲೆ ತಿರುಗ್ಬೇಕು. ನಮ್ಮಪ್ಪನೇ ಪೈಪ್ ಹಾಕೋದು.” ಅವನು ಹೇಳಿದ್ದು ಸರಿ. ಅವತ್ತು ರಾತ್ರಿ ಅಜ್ಜಿಯ ಮಾತೆಲ್ಲ ಹೊಡೆದುಹಾಕಿದೆ. ಹೊಸ ಕಥೆಯಲ್ಲಿ ಎಷ್ಟು ಹಾಕಿದರೂ ಹೂ ಬರುವುದಿಲ್ಲ. ಅವಳು ಮಗ್ಗನ್ನು ಗಿಡದ ಬುಡದಲ್ಲೇ ಬಿಟ್ಟು ಬರುತ್ತಾಳೆ. ಒಂದು ಸಂಜೆ ಗುಡುಗಿ ಮಳೆ ಬರುತ್ತದೆ, ಮಗ್ ತಾನಾಗಿ ತುಂಬುತ್ತದೆ. ಅವಳು ಬೆರಳಲ್ಲಿ ದಿನ ಎಣಿಸುತ್ತಾಳೆ. ಒಂಬತ್ತನೇ ಬೆಳಿಗ್ಗೆ, ಬಾಗಿಲು ತೆರೆಯುವ ಮುಂಚೆಯೇ ಪರಿಮಳ ಒಳಗೆ ಬಂದಿರುತ್ತದೆ.

ಹಾಗಾಗಿ ಬರೆದದ್ದನ್ನು ಆ ವಿಷಯ ಗೊತ್ತಿರುವ ಮಕ್ಕಳಿಗೇ ಮೊದಲು ಓದಿ. ನಿಮ್ಮ ಮನೆ ಮಕ್ಕಳು ಪ್ರೀತಿಗೆ ಚೆನ್ನಾಗಿದೆ ಅಂದುಬಿಡುತ್ತಾರೆ. ಓದುವಾಗ ಕೈಯಲ್ಲಿ ಪೆನ್ಸಿಲ್ ಇರಲಿ, ಮಗುವಿನ ಕಣ್ಣು ತಕ್ಕಡಿ ಕಡೆ ಹೋದ ಜಾಗಕ್ಕೆ ಒಂದು ಗೀಟು ಹಾಕಿ. ಮೂರು ಸಲ ಓದಿ, ಮೂರು ಸಲವೂ ಅಲ್ಲೇ ಗೀಟು ಬಿದ್ದರೆ ಆ ಭಾಗ ತೆಗೆಯಿರಿ. ನಿಮಗೆ ಎಷ್ಟೇ ಇಷ್ಟವಾಗಿದ್ದರೂ ತೆಗೆಯಿರಿ.

ಭಾಷೆಯ ವಿಷಯ. ನಮ್ಮ ಲೈನ್‌ನಲ್ಲಿ ಒಂದು ಮನೆಯಲ್ಲಿ ತಮಿಳು, ಪಕ್ಕದಲ್ಲಿ ಮಲಯಾಳ, ಆಚೆ ಎರವ ಬುಡಕಟ್ಟಿನವರ ಭಾಷೆ, ತುಳು. ಕನ್ನಡ ಇವರಿಗೆಲ್ಲ ಶಾಲೆಯಲ್ಲಿ, ಅಂಗಳದಲ್ಲಿ ಸಿಗುವ ಭಾಷೆ. ನಾನು ಮೊದಲು “ವರುಣನ ಆಗಮನದಿಂದ ಗಿಡಗಳು ಪುಳಕಗೊಂಡವು” ಎಂದು ಬರೆದಿದ್ದೆ. ಪುಸ್ತಕದಲ್ಲಿ ಇರುವುದು ಇಷ್ಟೇ: “ಮಳೆ ಬಂತು. ಮಗ್ ತುಂಬಿತು.” ಮಗು ಒಂದೇ ಉಸಿರಿಗೆ ಹೇಳುವಷ್ಟು ವಾಕ್ಯ ಸಾಕು. ಆದರೆ ಕಣ, ಕುಯ್ಲು, ಮಂಗಟ್ಟೆ ಹಕ್ಕಿ ಇಂಥ ಮಾತುಗಳನ್ನು ಬಯಲುಸೀಮೆಯವರಿಗೆ ತಿಳಿಯಲಿಕ್ಕಿಲ್ಲ ಎಂದು ಬಿಡಬೇಡಿ. ಚಿತ್ರ ಇದೆಯಲ್ಲ, ಅದು ಹೇಳುತ್ತದೆ. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರ ಪದ್ಯಗಳನ್ನು ನಮ್ಮಜ್ಜಿ ಅಕ್ಷರ ಬಾರದೆಯೂ ಹೇಳುತ್ತಿದ್ದರು. ಬರೆದದ್ದು ಬಾಯಿಗೆ ಸಲೀಸಾಗಿ ಬರುತ್ತದೋ ಎಂದು ನೋಡುವಾಗೆಲ್ಲ ನನಗೆ ಅಜ್ಜಿಯ ದನಿ ನೆನಪಾಗುತ್ತದೆ.

ಇನ್ನು ಪುಟ. ನಾಲ್ಕು ಎ4 ಹಾಳೆ ಒಟ್ಟಿಗೆ ಮಡಚಿ ನಡುವೆ ಪಿನ್ ಹೊಡೆದರೆ 16 ಪುಟ. ಮೊದಲನೆಯದು ಹೆಸರಿಗೆ, ಕೊನೆಯದು ಪ್ರಕಾಶಕರ ವಿವರಕ್ಕೆ. ಉಳಿಯುವುದು ಎದುರುಬದುರಿನ ಏಳು ಜೋಡಿಪುಟ. ಕಥೆ ಆ ಏಳರಲ್ಲಿ ಕೂರಬೇಕು. ಪುಟ ತಿರುಗಿಸುವ ಜಾಗದಲ್ಲಿ ಮಗುವಿಗೆ ‘ಆಮೇಲೆ?’ ಅನ್ನಿಸಬೇಕು. ನನ್ನ ಕಥೆಯಲ್ಲಿ ಗುಡುಗು ಒಂದು ಪುಟದ ಕೊನೆಗೆ ಬರುತ್ತದೆ, ಮಳೆ ಹಾಳೆ ತಿರುಗಿಸಿದ ಮೇಲೆ. ಇಲ್ಲಿ ನಾನು ಹದಿನೈದು ದಿನ ಕೂತೆ, ಹಾಳೆ ಹರಿದು ಹರಿದು ಮತ್ತೆ ಮಡಚಿದೆ.

ಚಿತ್ರದಲ್ಲಿ ನನಗೆ ದೊಡ್ಡ ಪೆಟ್ಟು ಬಿದ್ದಿದೆ. ನನ್ನ ಮೊದಲ ಪುಸ್ತಕದ ಚಿತ್ರಗಳನ್ನು ಪ್ರಕಾಶಕರು ಅಚ್ಚಿಗೆ ಮುಂಚೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಬಂದ ಮೇಲೆ ನೋಡಿದರೆ ಕಾಫಿ ಕುಯ್ಯುವ ಹೆಂಗಸಿನ ಬೆನ್ನಿಗೆ ಚಹಾ ತೋಟದ ಬುಟ್ಟಿ! ಲೈನ್ ಮಕ್ಕಳಿಗೆ ಅದನ್ನು ಕೊಡಲು ನನಗೆ ಮನಸ್ಸೇ ಬರಲಿಲ್ಲ. ಈಗ ಕಥೆಯ ಜೊತೆಗೇ ಫೋಟೊ ಕಳಿಸುತ್ತೇನೆ: ಸೊಂಟಕ್ಕೆ ಕಟ್ಟಿದ ಚೀಲ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ರೆಂಬೆಯ ಗೆಣ್ಣುಗೆಣ್ಣಿಗೆ ಗುಂಪಾಗಿ ಕೂತ ಹೂ. ತುದಿಯಲ್ಲಿ ಹೂ ಬರೆದರೆ ಅದು ಕಾಫಿ ಗಿಡವೇ ಅಲ್ಲ. ಪೆನ್ಸಿಲ್ ಚಿತ್ರ ಇರುವಾಗಲೇ ತೋರಿಸಿ ಎಂದು ಕೇಳಿ. ಚಿತ್ರದಲ್ಲಿ ಕಾಣುವುದನ್ನು ಕಥೆಯಲ್ಲಿ ಮತ್ತೆ ಹೇಳಬೇಡಿ.

ಪ್ರಕಟಣೆಗೆ ಮೊದಲು ಪತ್ರಿಕೆಗಳ ಮಕ್ಕಳ ಪುಟಕ್ಕೆ ಕಳಿಸಿ. ಪ್ರಕಾಶಕರಿಗೆ ಬರೆಯುವ ಮುಂಚೆ ಅವರ ನಾಲ್ಕು ಮಕ್ಕಳ ಪುಸ್ತಕ ಓದಿ, ಯಾವ ವಯಸ್ಸಿನವರಿಗೆ ಎಂದು ನಿಮ್ಮ ಪತ್ರದ ಮೊದಲ ಸಾಲಲ್ಲೇ ಹೇಳಿ. ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ, ಅವರ ಪ್ರಕಟಣೆ ಗಮನಿಸಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಅಲ್ಲಿಯ ಚಿತ್ರಗಳನ್ನೇ ಬಳಸಿ ಕನ್ನಡದಲ್ಲಿ ನೀವೇ ಪ್ರಕಟಿಸಬಹುದು. ಅದು ಮುಕ್ತ ಪರವಾನಗಿ, ಯಾರು ಬೇಕಾದರೂ ನಿಮ್ಮ ಕಥೆಯನ್ನು ಅನುವಾದಿಸಬಹುದು, ಬದಲಿಸಲೂಬಹುದು. ಅದಕ್ಕೆ ಮನಸ್ಸು ಒಪ್ಪಿದರೆ ಮಾತ್ರ ಹಾಕಿ. ನೀವೇ ಅಚ್ಚು ಹಾಕಿಸುವುದಾದರೆ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಕಿಲ್ಲ, ಭಾರತದಲ್ಲಿ ಸರ್ಕಾರದ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ.

ಒಪ್ಪಂದ ಇಲ್ಲದೆ ಹಸ್ತಪ್ರತಿ ಕೊಡಬೇಡಿ. ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಹಕ್ಕು ವರ್ಗಾಯಿಸಬೇಕಾದರೆ ಅದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅವಧಿ ನಮೂದಿಸದಿದ್ದರೆ ಅದು 5 ವರ್ಷ ಎಂದೇ ಲೆಕ್ಕ. ಪಡೆದವರು 1 ವರ್ಷದೊಳಗೆ ಹಕ್ಕು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಹೇಳಿಲ್ಲದಿದ್ದರೆ, ಅದು ರದ್ದಾಗುತ್ತದೆ. ಆ 5 ವರ್ಷದ ಮಾತು ಗೊತ್ತಿದ್ದಿದ್ದರೆ ನನ್ನ ಮೊದಲ ಪುಸ್ತಕವನ್ನು ಸರಿಯಾದ ಚಿತ್ರದೊಂದಿಗೆ ಎಂದೋ ಮತ್ತೆ ತರುತ್ತಿದ್ದೆ. ಗೌರವಧನ ಎಷ್ಟು, ಲೇಖಕರಿಗೆ ಎಷ್ಟು ಪ್ರತಿ, ಚಿತ್ರ ನೋಡುವ ಅವಕಾಶ ಇದೆಯೋ, ಮೂರನ್ನೂ ಬರೆಸಿಕೊಳ್ಳಿ.

ಈಗ ಜೇಬಿನ ಪುಸ್ತಕದಲ್ಲಿ ಇನ್ನೊಂದು ಪ್ರಶ್ನೆ ಇದೆ, ಆಟಿ ಸೊಪ್ಪಿನ (ಆಟಿ ತಿಂಗಳಲ್ಲಿ ತಿನ್ನುವ, ಉಚ್ಚೆಗೆ ಬಣ್ಣ ಬರಿಸುವ ಮದ್ದುಸೊಪ್ಪಿನ) ಪಾಯಸ ತಿಂದ ಮಾರನೇ ದಿನ ಒಬ್ಬ ಹುಡುಗ ಹೆದರಿ ಓಡಿಬಂದು ಕೇಳಿದ್ದು: “ಉಚ್ಚೆ ಯಾಕೆ ಕೆಂಪು?” ಎರಡು ಸಲ ಬರೆದಿದ್ದೇನೆ. ಜನವರಿಯೊಳಗೆ ಮೂರನೆಯದನ್ನು ಓದಬೇಕು. ಕುಯ್ಲು ಮುಗಿದರೆ ಅರ್ಧ ಲೈನ್ ಊರಿಗೆ ಹೊರಡುತ್ತದೆ, ಆ ಹುಡುಗನೂ ಹೋಗುತ್ತಾನೆ.