ಒತ್ತಕ್ಷರ ನುಂಗುವ ಬಟನ್: ಅಗಲ, ಎತ್ತರ ಹಿಡಿಯುವುದು ಹೇಗೆ?

ಪರಿಚಯದವರ ವೆಬ್ ಫಾರ್ಮ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೆ. ‘ಕ್ಯಾನ್ಸಲ್’ ಇದ್ದ ಕಡೆ ‘ರದ್ದುಗೊಳಿಸಿ’ ಎಂದು ಟೈಪ್ ಮಾಡಿದೆ. ಸ್ಕ್ರೀನ್ ಮೇಲೆ ಬಂದದ್ದು ‘ರದುಗೊಳಿಸಿ’. ಕಾಗುಣಿತ ಸರಿಯಾಗಿಯೇ ಇತ್ತು. ಬಟನ್ನಿನ ಹೈಟ್ 24 ಪಿಕ್ಸೆಲ್, ಓವರ್‌ಫ್ಲೋ ಹಿಡನ್ (ಹೊರಚೆಲ್ಲಿದ್ದನ್ನು ಮರೆಮಾಡು) ಎಂದು ನಾನೇ ಬರೆದಿಟ್ಟಿದ್ದರಿಂದ ದಕಾರದ ಒತ್ತಿಗೆ ಕತ್ತರಿ ಬಿದ್ದಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಸಾಲುವ ಜಾಗ ನಮ್ಮ ಒತ್ತು, ಗುಣಿತಗಳಿಗೆ ಸಾಲದು.

ಸಿಎಸ್‌ಎಸ್‌ನಲ್ಲಿ (ವೆಬ್ ಪುಟದ ಅಂದ, ಅಳತೆ ಹೇಳುವ ಭಾಷೆ) ಸಾಮಾನ್ಯವಾಗಿ ಅಗಲ ಹೊರಗಿನಿಂದ ಒಳಕ್ಕೆ ಬರುತ್ತದೆ: ಪೆಟ್ಟಿಗೆ ತನ್ನನ್ನು ಹೊತ್ತಿರುವ ಪೆಟ್ಟಿಗೆಯಷ್ಟು ಹರಡಿಕೊಳ್ಳುತ್ತದೆ. ಎತ್ತರ ಮಾತ್ರ ಒಳಗಿನಿಂದ ಹೊರಕ್ಕೆ, ಒಳಗಿರುವ ಪಠ್ಯ ಎಷ್ಟೋ ಅಷ್ಟು. ‘ಹೈಟ್ 100% ಕೊಟ್ಟರೂ ಏನೂ ಆಗುತ್ತಿಲ್ಲ’ ಎಂಬ ಗೋಳಿನ ಮೂಲವೂ ಇದೇ. ಹೊರಗಿನ ಪೆಟ್ಟಿಗೆಗೇ ನಿಶ್ಚಿತ ಎತ್ತರ ಇಲ್ಲದಿದ್ದರೆ ಯಾವುದರಲ್ಲಿ ನೂರು ಪರ್ಸೆಂಟ್?

ಮೊದಲು ಲೆಕ್ಕ ಸರಿಮಾಡಿಕೊಳ್ಳಿ. ವಿಡ್ತ್ 300 ಪಿಕ್ಸೆಲ್ ಎಂದು ಬರೆದು ಸುತ್ತ 20ರ ಪ್ಯಾಡಿಂಗ್ (ಪಠ್ಯಕ್ಕೂ ಅಂಚಿಗೂ ನಡುವಿನ ಖಾಲಿ ಜಾಗ), 1ರ ಬಾರ್ಡರ್ (ಅಂಚಿನ ಗೆರೆ) ಕೊಟ್ಟರೆ ಪೆಟ್ಟಿಗೆ ನಿಲ್ಲುವುದು 342ಕ್ಕೆ. ಬ್ರೌಸರ್ 300 ಅನ್ನು ಒಳಗಿನ ಪಠ್ಯಕ್ಕಷ್ಟೇ ಎಣಿಸುತ್ತದೆ. ಫೈಲಿನ ತಲೆಯಲ್ಲೇ ಎಲ್ಲ ಎಲಿಮೆಂಟಿಗೂ ಬಾಕ್ಸ್-ಸೈಜಿಂಗ್: ಬಾರ್ಡರ್-ಬಾಕ್ಸ್ ಎಂದು ಹಾಕಿಬಿಡಿ. ಆಮೇಲೆ 300 ಎಂದರೆ 300.

ಎರಡನೆಯದು ಎತ್ತರ. ಪಠ್ಯವಿರುವ ಕಡೆಯೆಲ್ಲ ಹೈಟ್ ಅಳಿಸಿ ಮಿನ್-ಹೈಟ್ (ಕನಿಷ್ಠ ಎತ್ತರ) ಬರೆಯಿರಿ. ಬಟನ್ನಿಗೆ 2.75 ರೆಮ್ ಕೊಡಿ; ಒಂದು ರೆಮ್ ಎಂದರೆ ಪುಟದ ಮೂಲ ಅಕ್ಷರದ ಗಾತ್ರ. ಮೂಲ ಅಕ್ಷರ 16 ಪಿಕ್ಸೆಲ್ ಇದ್ದರೆ ಅದು 44 ಪಿಕ್ಸೆಲ್, ಹೆಬ್ಬೆರಳಿಗೆ ಆರಾಮ. ಓದುಗರು ಅಕ್ಷರ ದೊಡ್ಡದು ಮಾಡಿಕೊಂಡರೆ ಬಟನ್ನೂ ಬೆಳೆಯುತ್ತದೆ. ಲೈನ್-ಹೈಟ್ (ಒಂದು ಸಾಲಿನ ಎತ್ತರ) ಕನ್ನಡಕ್ಕೆ ಅಕ್ಷರದ ಗಾತ್ರದ 1.6ಕ್ಕಿಂತ ಕಡಿಮೆ ನಾನು ಇಡುವುದಿಲ್ಲ, 1.2ರಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಬುದ್ಧಿವಾದ ಇಲ್ಲಿ ನಡೆಯದು, ಕಾಲಿನಷ್ಟು ಹಾಸಿಗೆ ಹೊಲಿಸಬೇಕು.

ಅಗಲಕ್ಕೆ ಮಾತ್ರ ಲಗಾಮು ಬೇಕು. ಫಾರ್ಮಿಗೆ ವಿಡ್ತ್ 100%, ಮ್ಯಾಕ್ಸ್-ವಿಡ್ತ್ 40 ರೆಮ್ ಎಂದರೆ ಫೋನಿನಲ್ಲಿ ತುಂಬಿಕೊಳ್ಳುತ್ತದೆ, ದೊಡ್ಡ ಮಾನಿಟರಿನಲ್ಲಿ ಹಿಡಿತದಲ್ಲಿರುತ್ತದೆ. ಮಿನ್ ಮತ್ತು ಮ್ಯಾಕ್ಸ್ ಜಗಳಕ್ಕೆ ಬಿದ್ದರೆ ಗೆಲ್ಲುವುದು ಮಿನ್. ಚಿತ್ರಗಳಿಗೆ ಮ್ಯಾಕ್ಸ್-ವಿಡ್ತ್ 100%, ಹೈಟ್ ಆಟೋ, ಅಷ್ಟು ಸಾಕು.

ತಲೆ ಕೆಡಿಸುವುದು ಫ್ಲೆಕ್ಸ್, ಅಂದರೆ ಪೆಟ್ಟಿಗೆಗಳನ್ನು ಒಂದು ಸಾಲಿನಲ್ಲಿ ಜೋಡಿಸುವ ವಿಧಾನ. ಪಕ್ಕಪಕ್ಕದಲ್ಲಿ ಐಕಾನ್ ಮತ್ತು ಹೆಸರು ಇಟ್ಟಿದ್ದೀರಿ. ‘ಅಭಿವೃದ್ಧಿಪಡಿಸುವುದಕ್ಕಾಗಿ’ ಎಂಬಂಥ ಉದ್ದನೆಯ ಪದ ಬಂದೊಡನೆ ಸಾಲು ಪರದೆಯಾಚೆ ಜಿಗಿಯುತ್ತದೆ. ಫ್ಲೆಕ್ಸ್ ಒಳಗಿನ ಪೆಟ್ಟಿಗೆಯ ಮಿನ್-ವಿಡ್ತ್ ತಾನಾಗಿಯೇ ‘ಆಟೋ’ ಇರುತ್ತದೆ, ಅಂದರೆ ಒಳಗಿನ ಅತಿ ಉದ್ದದ ಪದಕ್ಕಿಂತ ಕುಗ್ಗಲು ಅದು ಒಪ್ಪುವುದಿಲ್ಲ. ಮಿನ್-ವಿಡ್ತ್: 0 ಎಂದು ನೀವೇ ಬರೆದು, ಓವರ್‌ಫ್ಲೋ-ರ‍್ಯಾಪ್: ಬ್ರೇಕ್-ವರ್ಡ್ ಸೇರಿಸಿ, ಹಿಡಿಸದ ಪದ ಮುರಿದು ಕೆಳಗಿನ ಸಾಲಿಗೆ ಇಳಿಯುತ್ತದೆ. ಇದು ಗೊತ್ತಾಗುವ ಮುಂಚೆ ನಾನು ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ.

ಪರದೆ ತುಂಬುವ ಪುಟಕ್ಕೆ 100 ವಿಎಚ್ (ಪರದೆಯ ಎತ್ತರದ ನೂರು ಪರ್ಸೆಂಟ್) ಬರೆಯುವ ರೂಢಿ ಇದೆ. ಫೋನಿನಲ್ಲಿ ಬ್ರೌಸರಿನ ವಿಳಾಸಪಟ್ಟಿ (ಅಡ್ರೆಸ್ ಬಾರ್) ಕಾಣಿಸಿಕೊಂಡಾಗ ಕೆಳಗಿನ ಬಟನ್ ಮರೆಯಾಗುವುದು ಅದರಿಂದಲೇ. ವಿಳಾಸಪಟ್ಟಿಯ ಜಾಗ ಕಳೆದು ಉಳಿದಷ್ಟನ್ನೇ ಎಣಿಸುವ ಡಿವಿಎಚ್ ಎಂಬ ಅಳತೆ 2022ರ ಹೊತ್ತಿಗೆ ಸಫಾರಿ, ಫೈರ್‌ಫಾಕ್ಸ್, ಕ್ರೋಮ್ ಮೂರರಲ್ಲೂ ಬಂದಿದೆ. ಮಿನ್-ಹೈಟ್: 100 ಡಿವಿಎಚ್ ಎನ್ನಿ.

ಕೊನೆಗೆ ಪರೀಕ್ಷೆ. ಬ್ರೌಸರ್ ಕಿಟಕಿಯನ್ನು 320 ಪಿಕ್ಸೆಲ್‌ಗೆ ಕಿರಿದು ಮಾಡಿ, ಅಕ್ಷರದ ಗಾತ್ರವನ್ನು 200%ಗೆ ಏರಿಸಿ, ಪ್ರತಿ ಬಟನ್ನಿನಲ್ಲೂ ‘ರಾಷ್ಟ್ರೀಯತೆ’ ಎಂದು ಟೈಪ್ ಮಾಡಿ. ಷಕಾರದ ಕೆಳಗಿನ ಎರಡೂ ಒತ್ತು ಕಾಣಿಸುತ್ತಿವೆಯೇ ನೋಡಿ.